ಹಳೆಯ ದೊಡ್ಡ ಕ್ಯಾಮರಾವನ್ನು ಕೊಳ್ಳುವ ವಿಚಾರ

ಮೂರು ಕಾಲಿನ ಪೀಠದ ಮೇಲೆ ನಿಂತ ತೇಗದ ಪೆಟ್ಟಿಗೆ, ಅದಕ್ಕೆ ಸೇರಿದ ತೊಗಲಿನ ತಿದಿ, ಮುಂದುಗಡೆ ಹಿತ್ತಾಳೆಯ ಕೊಳವೆಯಲ್ಲಿ ಮಸೂರ, ಹಿಂದುಗಡೆ ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿದ ಛಾಯಾಚಿತ್ರಗಾರ: ಈ ದೃಶ್ಯವನ್ನು ಕಾಣದವರು ಕೂಡ ಮನೆಯ ಹಿರಿಯರ ಮದುವೆಯ ಚಿತ್ರದಲ್ಲಿ ಅದರ ಫಲವನ್ನು ಕಂಡಿರುತ್ತಾರೆ. ಇಂತಹ ಯಂತ್ರಗಳು ಹಳೆಯ ಸ್ಟುಡಿಯೋಗಳ ಅಟ್ಟದಿಂದಿಳಿದು ಈಗ ಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರಲ್ಲಿ ಅನೇಕರು ಅವನ್ನು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿ ಅಂದ ನೋಡತಕ್ಕವರು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಚಿತ್ರ ತೆಗೆಯಬೇಕೆಂಬ ಇಚ್ಛೆಯುಳ್ಳವರು ಹಿತ್ತಾಳೆಯ ಹೊಳಪಿಗೆ ಮರುಳಾಗಿ ಹಣ ಕೊಟ್ಟರೆ, ಅದಕ್ಕೆ ಹಾಕತಕ್ಕ ಫಿಲ್ಮೇ ಪೇಟೆಯಲ್ಲಿಲ್ಲವೆಂದು ಆಮೇಲೆ ತಿಳಿದು ಪೇಚಾಡಬೇಕಾದೀತು. ಆದಕಾರಣ ಯಂತ್ರದ ಹಿಂಭಾಗವನ್ನು ಮೊದಲು ನೋಡಿ, ಮುಂಭಾಗವನ್ನು ಆಮೇಲೆ ನೋಡತಕ್ಕದ್ದು.

ಹಿಂಭಾಗವೆಂದರೆ ಅಳತೆಯ ಪ್ರಶ್ನೆ. ನಮ್ಮ ಸ್ಟುಡಿಯೋಗಳ ಕ್ಯಾಮರಾಗಳು ಬಹುಮಟ್ಟಿಗೆ ಇಂಗ್ಲಿಷ್ ಪದ್ಧತಿಯ ಗಾಜಿನ ಫಲಕಗಳಿಗೆ ಹೊಂದುವಂತೆ ಮಾಡಿದವು. ಅವುಗಳಲ್ಲಿ ಫುಲ್ ಪ್ಲೇಟ್ ಎಂಬುದು 8½ ಅಂಗುಲ ಉದ್ದ, 6½ ಅಂಗುಲ ಅಗಲ. ಹಾಫ್ ಪ್ಲೇಟ್ ಎಂಬುದು 6½ ಅಂಗುಲ ಉದ್ದ, 4¾ ಅಂಗುಲ ಅಗಲ. ಹೆಸರಿಗೆ ಅರ್ಧವಾದರೂ ಲೆಕ್ಕಕ್ಕೆ ಅರ್ಧಕ್ಕಿಂತ ಕೊಂಚ ಹೆಚ್ಚೆಂಬುದನ್ನು ಕೇಳುವವರು ಗುಣಿಸಿ ನೋಡಬಹುದು! ಸ್ವದೇಶದಲ್ಲಿಯೇ, ಕೇರಳದ ಆಲಪ್ಪುಳದಲ್ಲಿ, ತಯಾರಾದ ವಾಗೀಶ್ವರಿ ಕ್ಯಾಮರಾಗಳೂ ಉಂಟು. ಅವು ಕೈಗೆ ಸಿಕ್ಕಿದಲ್ಲಿ ಬಿಡಬಾರದು, ಆದರೆ ಅಳತೆಯನ್ನು ಅವುಗಳಲ್ಲಿಯೂ ಪರೀಕ್ಷಿಸಬೇಕು. ಏಕೆಂದರೆ ಇಲ್ಫರ್ಡ್, ಕೊಡಕ್, ಫೋಮಾ ಮೊದಲಾದವರು ಇಂದು ಮಾಡುವ ಹಾಳೆಯ ಫಿಲ್ಮು ಸುಲಭವಾಗಿ ದೊರೆಯುವುದು 4×5 ಮತ್ತು 8×10 ಅಂಗುಲಗಳಲ್ಲಿ. ಅಪರೂಪದ ಅಳತೆಗಳನ್ನು ಇಲ್ಫರ್ಡಿನವರು ವರ್ಷಕ್ಕೊಮ್ಮೆ ವಿಶೇಷ ಬೇಡಿಕೆಯ ಮೇರೆಗೆ ಕತ್ತರಿಸಿ ಕೊಡುವುದುಂಟು. ನಮಗೆ ನೆರೆಯೇ ಆದ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿದ್ದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋದುದರಿಂದ ಹೊರನಾಡಿನ ಸರಕೇ ಗತಿಯಾಗಿದೆ.

ಫಲಕವನ್ನು ಹಿಡಿಯುವ ಹೋಲ್ಡರುಗಳು ಯಂತ್ರದೊಡನೆ ಬರುತ್ತವೆಯೇ ಎಂದು ಕೇಳತಕ್ಕದ್ದು. ಒಬ್ಬ ತಯಾರಕನ ಹೋಲ್ಡರು ಮತ್ತೊಬ್ಬನ ಹಳೆಯ ಯಂತ್ರಕ್ಕೆ ಸರಿಹೊಂದುವುದು ಅಪೂರ್ವ. ಗಾಜಿನ ಫಲಕದ ಸ್ಥಾನದಲ್ಲಿ ತೆಳುವಾದ ಫಿಲ್ಮನ್ನು ಇರಿಸಲು ತಗಡಿನ ಒರೆಯೊಂದು ಬೇಕು. ಅದಿಲ್ಲದಿದ್ದರೆ ಫಿಲ್ಮು ಬಾಗಿ, ಚಿತ್ರ ಮಸಕಾಗುತ್ತದೆ. ನಾವು ಕಣ್ಣಿನಿಂದ ನೋಡುವ ಮಸಕು ಗಾಜಿನ ಒರಟು ಮುಖವೂ ಹೋಲ್ಡರಿನೊಳಗಿನ ಫಿಲ್ಮಿನ ಮುಖವೂ ಮಸೂರದಿಂದ ಒಂದೇ ದೂರದಲ್ಲಿರಬೇಕೆಂಬುದು ಈ ಯಂತ್ರದ ಮೂಲಸೂತ್ರ. ಒರಟು ಮುಖವು ಮಸೂರದ ಕಡೆಗಿರಬೇಕು. ಒಡೆದ ಗಾಜನ್ನು ಯಾರೋ ತಿರುವುಮುರುವಾಗಿ ಹಾಕಿದ್ದರೆ, ಎಷ್ಟು ಜಾಗ್ರತೆಯಿಂದ ನೋಡಿ ಹೊಂದಿಸಿದರೂ ಚಿತ್ರ ಸ್ಪಷ್ಟವಾಗದು.

ಇನ್ನು ತಿದಿ. ಕತ್ತಲೆಯ ಕೋಣೆಯಲ್ಲಿ ಅದರೊಳಗೆ ಒಂದು ದೀಪವನ್ನಿಟ್ಟು, ಹೊರಗಿನಿಂದ ಮಡಿಕೆಯ ಮೂಲೆಗಳನ್ನು ನೋಡಿದರೆ ಸೂಜಿಮೊನೆಯಷ್ಟು ರಂಧ್ರವೂ ನಕ್ಷತ್ರದಂತೆ ಹೊಳೆಯುತ್ತದೆ. ಒಂದೆರಡಿದ್ದರೆ ಕರಿಯ ಬಣ್ಣವನ್ನು ಹಚ್ಚಿ ಮುಚ್ಚಬಹುದು. ಮೂಲೆಗಳೆಲ್ಲ ಸವೆದಿದ್ದರೆ ಹೊಸ ತಿದಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಮಸೂರದ ಮೂಲಕ ಬೆಳಕನ್ನು ಹಾಯಿಸಿ ನೋಡಿದಾಗ ಜೇಡರ ಬಲೆಯಂತೆ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆಯೆಂದರ್ಥ. ನಮ್ಮ ಮಳೆಗಾಲಕ್ಕೆ ಇದು ಸಹಜವಾದ ರೋಗ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟುಕೊಂಡಿದೆ. ಮೇಲ್ಮೈಯ ಸಣ್ಣ ಗೀರುಗಳಿಗೆ ಮಾತ್ರ ಅಷ್ಟಾಗಿ ಹೆದರಬೇಕಾದುದಿಲ್ಲ. ಅಲಂಕಾರಕ್ಕೆಂದೇ ಹೊಸದಾಗಿ ಮಾಡಿದ ಹುಸಿ ಕ್ಯಾಮರಾಗಳೂ ಪೇಟೆಯಲ್ಲಿವೆ. ಮಸಕು ಗಾಜಿನ ಮೇಲೆ ಕಿಟಕಿಯ ಹೊರಗಿನ ಮರವು ತಲೆಕೆಳಗಾಗಿ ಸ್ಪಷ್ಟವಾಗಿ ಮೂಡದಿದ್ದರೆ ಅಂಥದಕ್ಕೆ ದೂರದಿಂದಲೇ ನಮಸ್ಕಾರ ಮಾಡುವುದು ಲೇಸು.

ಹಿತ್ತಾಳೆಯ ಕೊಳವೆಯ ಹಳೆಯ ಮಸೂರಗಳಲ್ಲಿ ಷಟರೆಂಬುದಿರುವುದಿಲ್ಲ. ಮುಚ್ಚಳವನ್ನು ತೆಗೆದು ಹಾಕುವುದೇ ಷಟರು. 125ರ ವೇಗದ ಫಿಲ್ಮಿಗೆ ಬಿಸಿಲಿನಲ್ಲಿ ಎಫ್ 32ರ ರಂಧ್ರದಲ್ಲಿಯೂ ಸೆಕೆಂಡಿನ 30ನೆಯ ಒಂದು ಭಾಗ ಸಾಕು. ಯಾವ ಕೈಚಳಕವೂ ಮುಚ್ಚಳವನ್ನು ಅಷ್ಟು ಬೇಗ ಆಡಿಸಲಾರದು. ಇದಕ್ಕೆ ನಾವು ಮೆಚ್ಚಿದ ಉಪಾಯವೆಂದರೆ ಛಾಯಾಚಿತ್ರದ ಕಾಗದವನ್ನೇ ನೆಗೆಟಿವ್ ಆಗಿ ಬಳಸುವುದು. ಅದರ ವೇಗ ಸುಮಾರು 6. ಎಫ್ 45ರಲ್ಲಿ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕಾಗುವುದರಿಂದ ಮುಚ್ಚಳವನ್ನು ಸಾವಧಾನವಾಗಿ ತೆಗೆದು ಹಾಕಬಹುದು. ಅಷ್ಟೇ ಅಲ್ಲ, ಅಳತೆಯ ತೊಡಕೂ ತೀರುತ್ತದೆ: ಕೆಂಪು ದೀಪದ ಬೆಳಕಿನಲ್ಲಿ 8×10ರ ಒಂದು ಹಾಳೆಯಿಂದ ಹಾಫ್ ಪ್ಲೇಟಿನ ಎರಡು ತುಂಡುಗಳನ್ನು ಕತ್ತರಿಸಬಹುದು. ಕಾಗದದ ನೆಗೆಟಿವೆಂದರೆ ಬಡವರ ಉಪಾಯವೆಂದು ಹೀಯಾಳಿಸಬೇಕಾದುದಿಲ್ಲ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಹಂಪೆಯ ಪಾಳುಬಿದ್ದ ಗುಡಿಗೋಪುರಗಳನ್ನು ಚಿತ್ರಿಸಿದ್ದು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವುಗಳ ಮೇಲೆಯೇ. ಆಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಬಳಿಕ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಯಾವ ಕಲ್ಲು ಉಳಿಯಿತು, ಯಾವುದು ಬಿತ್ತೆಂಬುದು ತಿಳಿಯುತ್ತದೆ.

ಆದರೆ ಕಾಗದಕ್ಕೆ ನೀಲಿಯ ಮೇಲೆ ಪ್ರೀತಿ ಹೆಚ್ಚು, ಕೆಂಪಿಗೆ ಅದು ಕುರುಡು. ಆಕಾಶವೆಲ್ಲ ಬರಿಯ ಬಿಳುಪಾಗಿ, ಕೆಮ್ಮಣ್ಣು ಕಪ್ಪಾಗಿ ಬೀಳುತ್ತದೆ. ಸಿದ್ಧಾರ್ಥನಗರದಲ್ಲಿರುವ ನಮಗೆ ಲಲಿತಮಹಲು ಹತ್ತಿರ. 1921ರಲ್ಲಿ ಕಟ್ಟಲು ತೊಡಗಿದ ಈ ಬೆಳ್ಳನೆಯ ಅರಮನೆಯನ್ನು ಕಾಗದದ ಮೇಲೆ ತೆಗೆದರೆ ಗುಮ್ಮಟವು ಬಿಳಿಯ ಆಕಾಶದಲ್ಲಿ ಕರಗಿಹೋಗುತ್ತದೆ. ಇಲ್ಲಿ ಫಿಲ್ಮೂ ಹಳದಿಯ ಶೋಧಕವೂ ಬೇಕು. ದೊಡ್ಡ ಕ್ಯಾಮರಾದ ನಿಜವಾದ ಶಕ್ತಿ ತಿಳಿಯುವುದೂ ಇಂತಹ ಕಟ್ಟಡದೆದುರಿನಲ್ಲಿಯೇ. ಗುಮ್ಮಟವು ಸೇರಲೆಂದು ಸಾಮಾನ್ಯ ಕ್ಯಾಮರಾವನ್ನು ಮೇಲಕ್ಕೆತ್ತಿದರೆ ಕಂಬಗಳು ಒಂದರ ಮೇಲೊಂದು ವಾಲಿದಂತೆ ಕಾಣುತ್ತವೆ. ಇದರಲ್ಲಿಯಾದರೋ ಪೆಟ್ಟಿಗೆಯನ್ನು ಸಮತಟ್ಟಾಗಿಟ್ಟು ಮಸೂರದ ಹಲಗೆಯನ್ನು ಮಾತ್ರ ಮೇಲಕ್ಕೆ ಜರುಗಿಸಿದರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಹೀಗೆ ಜರುಗಿಸಬೇಕಾದರೆ ಮಸೂರವು ಬೀರುವ ಬೆಳಕಿನ ವೃತ್ತವು ಫಿಲ್ಮಿಗಿಂತ ಸಾಕಷ್ಟು ದೊಡ್ಡದಾಗಿರಬೇಕು. ಇಲ್ಲದಿದ್ದರೆ ಮೂಲೆಗಳು ಕಪ್ಪಾಗುತ್ತವೆ. 4×5ಕ್ಕೆ 150 ಮಿಲಿಮೀಟರಿನ ಟೆಸ್ಸಾರ್ ಮಸೂರವು ಮುದ್ದಾದ ಚಿತ್ರ ಕೊಡುತ್ತದೆ, ಆದರೆ ಜರುಗಿಸಲು ಹೆಚ್ಚು ಎಡೆ ಕೊಡದು. ಕಟ್ಟಡಗಳನ್ನು ತೆಗೆಯುವವರು 210ರಷ್ಟು ಉದ್ದದ್ದನ್ನೋ ಗೋಯರ್ಜ್ ಡಾಗೋರಿನಂತಹ ವಿಶಾಲವೃತ್ತದ್ದನ್ನೋ ಅರಸುವುದು ಉತ್ತಮ.

ಇನ್ನೊಂದು ಮಾತು. ಹಳೆಯ ಸ್ಟುಡಿಯೋದಿಂದ ಕೊಳ್ಳುವಾಗ ಯಂತ್ರದೊಡನೆ ಕೆಲವೊಮ್ಮೆ ಹಳೆಯ ಗಾಜಿನ ನೆಗೆಟಿವುಗಳ ಪೆಟ್ಟಿಗೆಯೂ ಬರುತ್ತದೆ. ಅದನ್ನು ಬರಿಯ ಗಾಜೆಂದು ಎಸೆಯಬಾರದು, ನೀರಿನಲ್ಲಿ ತೊಳೆಯಲೂಬಾರದು. ಚಿತ್ರವಿರುವ ಸರೇಸಿನ ಪದರವು ನೀರಿಗೆ ಉಬ್ಬಿ ಕಿತ್ತುಬರುತ್ತದೆ. ಹೊಳಪಿಲ್ಲದ ಮುಖವನ್ನು ಮುಟ್ಟದೆ ಅಂಚುಗಳಲ್ಲಿ ಹಿಡಿದು, ಮೃದುವಾದ ಕುಂಚದಿಂದ ದೂಳನ್ನು ಕೊಡವಿ, ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದ ಲಕೋಟೆಯಲ್ಲಿಟ್ಟು, ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡತಕ್ಕದ್ದು.