ತರಗತಿಯಲ್ಲಿ ಆಟಿಸಂ: ಉಪನ್ಯಾಸಕರು, ಸಹಪಾಠಿಗಳು ಏನು ಮಾಡಬಹುದು?

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬರುವಾಗ ಒಂದೇ ತಿಂಗಳಲ್ಲಿ ಎಷ್ಟೆಲ್ಲ ಬದಲಾಗುತ್ತದೆ! ಪರಿಚಯದ ಶಾಲೆ, ಮೇಷ್ಟ್ರು, ಗೆಳೆಯರು ಹಿಂದೆ ಉಳಿಯುತ್ತಾರೆ. ಹಳ್ಳಿಯಿಂದ ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ತುಂಬಿದ ಬಸ್ಸಿನಲ್ಲಿ ಬರಬೇಕು. ವಿಷಯಕ್ಕೊಬ್ಬ ಉಪನ್ಯಾಸಕರು, ಹೊಸ ಮುಖಗಳು, ದೊಡ್ಡ ತರಗತಿ. ನಮ್ಮಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಇದಕ್ಕೆ ಹೊಂದಿಕೊಳ್ಳುತ್ತೇವೆ. ಆಟಿಸಂ ಇರುವ ವಿದ್ಯಾರ್ಥಿಗೆ ಮಾತ್ರ ಇದೇ ಮೊದಲ ದೊಡ್ಡ ಪರೀಕ್ಷೆ. ಪಾಠ ಅರ್ಥವಾಗುತ್ತಿದ್ದರೂ ಸುತ್ತಲಿನ ಗದ್ದಲ, ಗೊಂದಲ ತಾಳಲಾಗದೆ ಓದು ಬಿಡುವ ಅಪಾಯ ಇಲ್ಲಿದೆ.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಇದು ಅಂಟುವ ರೋಗವಲ್ಲ, ಮೆದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಗಮನಿಸಿ ಇದರ ಬಗ್ಗೆ ಬರೆದರು. ದೃಷ್ಟಿ ತಗುಲಿಯೋ, ಗಾಳಿ ಸೋಕಿಯೋ, ತಾಯಿ ಸರಿಯಾಗಿ ಬೆಳೆಸದೆಯೋ ಇದು ಬರುವುದಿಲ್ಲ. ಲಸಿಕೆಯಿಂದ ಬರುತ್ತದೆ ಎಂಬ ಮಾತೂ ಸುಳ್ಳು. ಆ ಭಯ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಆಟಿಸಂ ಎಲ್ಲರಲ್ಲೂ ಒಂದೇ ಬಗೆಯಾಗಿ ಇರುವುದಿಲ್ಲ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ಚೆನ್ನಾಗಿ ಮಾತಾಡುತ್ತಾರೆ, ಒಳ್ಳೆಯ ಅಂಕ ತೆಗೆಯುತ್ತಾರೆ, ಆದರೆ ಗೆಳೆತನ ಬೆಳೆಸಲು ತಿಣುಕಾಡುತ್ತಾರೆ. ಬಂಡೀಪುರದ ಹಕ್ಕಿಗಳೋ, ಊಟಿ ಬಸ್ಸಿನ ವೇಳೆಯೋ, ಒಂದೇ ವಿಷಯದ ಮೇಲೆ ಅಪಾರ ಆಸಕ್ತಿ ಇರಬಹುದು. ಹೆಣ್ಣುಮಕ್ಕಳು ಇತರರನ್ನು ನೋಡಿ ಅನುಕರಿಸಿ ತಮ್ಮ ಕಷ್ಟ ಮುಚ್ಚಿಡುವುದು ಹೆಚ್ಚು. ಹಾಗಾಗಿ ಅವರಲ್ಲಿ ಆಟಿಸಂ ಪತ್ತೆಯಾಗುವುದು ಅನೇಕ ಸಲ ತಡವಾಗುತ್ತದೆ.

ಕಷ್ಟ ಎಲ್ಲಿದೆ?

ಮೊದಲನೆಯದು ಸದ್ದು, ಬೆಳಕು. ನಮಗೆ ಕೇಳಿಯೂ ಕೇಳದಂತಿರುವ ಫ್ಯಾನಿನ ಸದ್ದು, ಬೆಂಚು ಎಳೆಯುವ ಶಬ್ದ, ಕಾಲೇಜು ವಾರ್ಷಿಕೋತ್ಸವದ ಧ್ವನಿವರ್ಧಕ ಅವರಿಗೆ ನೋವೇ ಆಗಬಹುದು. ಆಗ ಕಿವಿ ಮುಚ್ಚಿಕೊಳ್ಳುವುದು, ಮೈ ತೂಗುವುದು, ಎದ್ದು ಹೊರಗೆ ಹೋಗುವುದು ಅಶಿಸ್ತಲ್ಲ, ತಮ್ಮನ್ನು ಸಮಾಧಾನಪಡಿಸಿಕೊಳ್ಳುವ ದಾರಿ.

ಎರಡನೆಯದು ಮಾತಿನ ಒಳ ಅರ್ಥ. "ತಲೆ ತಿನ್ನಬೇಡ" ಎಂದರೆ ಇಲ್ಲಿ ತಲೆ ತಿಂದವರು ಯಾರು ಎಂದು ಯೋಚಿಸುವವರೂ ಇದ್ದಾರೆ. ತಮಾಷೆ, ವ್ಯಂಗ್ಯ, ಕಣ್ಸನ್ನೆ ಅವರಿಗೆ ಬೇಗ ತಿಳಿಯುವುದಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡದೆ ಮಾತಾಡಿದರೆ ಅದು ಅಹಂಕಾರವೂ ಅಲ್ಲ, ಸುಳ್ಳು ಹೇಳುವ ಲಕ್ಷಣವೂ ಅಲ್ಲ.

ಮೂರನೆಯದು ದಿಢೀರ್ ಬದಲಾವಣೆ. ಶುಕ್ರವಾರ ಜುಮಾ ನಮಾಝಿನ ಬಿಡುವು ಪ್ರತಿ ವಾರವೂ ಇರುವುದರಿಂದ ತೊಂದರೆಯಿಲ್ಲ. ರಮಝಾನ್ ತಿಂಗಳಲ್ಲಿ ತರಗತಿಯ ವೇಳೆ ಬದಲಾಗುವುದಿದ್ದರೆ, ಅದನ್ನು ಹಿಂದಿನ ವಾರವೇ ಬರೆದು ಕೊಟ್ಟರೆ ಅವರು ಮನಸ್ಸನ್ನು ಸಿದ್ಧಮಾಡಿಕೊಳ್ಳುತ್ತಾರೆ.

ಉಪನ್ಯಾಸಕರು ಮಾಡಬಹುದಾದದ್ದು

ದಿನದ ಪಾಠದ ಕ್ರಮವನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಸೂಚನೆಯನ್ನು ಒಂದೊಂದಾಗಿ, ನೇರ ಮಾತಿನಲ್ಲಿ ಕೊಡಿ. "ಚೆನ್ನಾಗಿ ಓದು" ಎನ್ನುವುದಕ್ಕಿಂತ "ನಾಳೆಗೆ ಎರಡನೇ ಅಧ್ಯಾಯದ ಮೊದಲ ಐದು ಪ್ರಶ್ನೆ ಬರೆದು ತಾ" ಎನ್ನುವುದು ಸ್ಪಷ್ಟ. ಕೂರಲು ಒಂದು ಖಾಯಂ ಜಾಗ ಕೊಡಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕಾಯಿರಿ. ಸದ್ದು ತಾಳಲಾಗದಾಗ ಗ್ರಂಥಾಲಯದಲ್ಲಿ ಹತ್ತು ನಿಮಿಷ ಕೂರಲು ಅನುಮತಿ ಕೊಡಿ.

ಸಹಪಾಠಿಗಳು ಮಾಡಬಹುದಾದದ್ದು

ನಾವು ಇಡುವ ಅಡ್ಡಹೆಸರು, ಮಾಡುವ ಅಣಕ, ಕದ್ದು ತೆಗೆಯುವ ವಿಡಿಯೋ ಗದ್ದಲಕ್ಕಿಂತ ಹೆಚ್ಚು ನೋಯಿಸುತ್ತವೆ. ಅದನ್ನು ಮಾಡುವವರನ್ನು ತಡೆಯುವುದೇ ಮೊದಲ ನೆರವು. ಗುಂಪು ಚಟುವಟಿಕೆಯಲ್ಲಿ ಅವರನ್ನು ಬಿಟ್ಟು ತಂಡ ಕಟ್ಟಬೇಡಿ, ಅವರಿಗೆ ಒಂದು ಖಚಿತ ಕೆಲಸ ಒಪ್ಪಿಸಿ. ತಪ್ಪಿದ ನೋಟ್ಸ್ ಕೊಡಿ. ಮುಟ್ಟುವ ಮೊದಲು ಕೇಳಿ. ಒಬ್ಬರ ಆಟಿಸಂ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಸಾರಬೇಡಿ. ಹಾಗೆಯೇ, ಮೌನವಾಗಿರುವ ಗೆಳೆಯನಿಗೆ ನಾವೇ ಆ ಹೆಸರು ಅಂಟಿಸುವುದೂ ಬೇಡ. ಗುರುತಿಸುವುದು ತಜ್ಞರ ಕೆಲಸ.

ಇದು ಹಕ್ಕು, ಉಪಕಾರವಲ್ಲ

ಅಂಗವಿಕಲತೆ ಕುರಿತ 1995ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿ ಇದನ್ನೂ ಸೇರಿಸಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ಭೇದ ಮಾಡದೆ ಪ್ರವೇಶ ನೀಡಬೇಕು, ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು ಎಂಬುದು ಅದರ ಆಶಯ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವಿನಂಥ ಮಾರ್ಪಾಡುಗಳನ್ನೂ ಅದು ಹೆಸರಿಸಿದೆ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕಾಗುವುದರಿಂದ ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ, ವರ್ಷದ ಆರಂಭದಲ್ಲೇ ಪ್ರಾಂಶುಪಾಲರ ಬಳಿ ಮಾತಾಡುವುದು ಒಳ್ಳೆಯದು.

ನಮ್ಮ ಭಾಗದವರಿಗೆ ಮೈಸೂರು ಹತ್ತಿರ, ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್. ಅಲ್ಲಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಆಟಿಸಂ ತಪಾಸಣೆ, ತರಬೇತಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ.

ಪ್ರತಿ ವರ್ಷ ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆ ಹೊತ್ತಿಗೆ ನಮ್ಮ ವಾರ್ಷಿಕ ಪರೀಕ್ಷೆ ಮುಗಿದು ಕಾಲೇಜು ಖಾಲಿಯಾಗಿರುತ್ತದೆ. ಆದ್ದರಿಂದ ಜೂನ್‌ನಲ್ಲಿ ಹೊಸಬರು ಬಂದ ಮೊದಲ ವಾರವೇ ಶುರುಮಾಡೋಣ. ಒಂಟಿಯಾಗಿ ಕೂತವರ ಪಕ್ಕ ಕೂತು, ಮೆಲುದನಿಯಲ್ಲಿ, "ಇಲ್ಲಿ ನಿನಗೆ ಯಾವುದು ಕಷ್ಟವಾಗ್ತಿದೆ?" ಎಂದು ಕೇಳೋಣ. ಉತ್ತರ ತಡವಾದರೆ ಕಾಯೋಣ.