ಹೆಬ್ಬೆಟ್ಟಿನವರಿಗೊಂದು ಕಾನೂನು ಪುಸ್ತಕ

ಕೆಲವು ವರ್ಷಗಳ ಹಿಂದಿನ ಮಾತು. ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಸಂಜೆಯ ಹೊತ್ತು ವಯಸ್ಕರಿಗೆ ಅಕ್ಷರ ಕಲಿಸುತ್ತಿದ್ದೆ. ಒಂದು ದಿನ ಪಾಠ ಮುಗಿದು ಎಲ್ಲರೂ ಎದ್ದುಹೋದ ಮೇಲೆಯೂ ಒಬ್ಬ ಹೆಣ್ಣುಮಗಳು ಗೋಡೆಗೆ ಒರಗಿ ಕುಳಿತೇ ಇದ್ದಳು. ಸೆರಗಿನ ಗಂಟು ಬಿಚ್ಚಿ, ಮಡಿಸಿದ ಕಾಗದವೊಂದನ್ನು ನನ್ನ ಮುಂದೆ ಹಿಡಿದಳು.

“ಮಾಸ್ತರ್ರೀ, ಇದ್ರಾಗ ಏನ್ ಬರದಾರ ಓದಿ ಹೇಳ್ರಿ. ಹೆಬ್ಬೆಟ್ಟ ಒತ್ತಿ ಬಂದೀನಿ” ಎಂದಳು.

ಅವಳ ಗಂಡ ಫರಸಿಕಲ್ಲಿನ ಗಣಿಯಲ್ಲಿ ಗುತ್ತೇದಾರನ ಕೈಕೆಳಗೆ ದುಡಿಯುತ್ತಿದ್ದವನು. ಕಲ್ಲು ಮೈಮೇಲೆ ಜಾರಿ ತೀರಿಕೊಂಡಿದ್ದ. ಇಷ್ಟು ಸಾವಿರ ರೂಪಾಯಿ ಮುಟ್ಟಿತು, ಇನ್ನು ಮುಂದೆ ಯಾವ ತಕರಾರೂ ಇಲ್ಲ ಎಂಬುದು ಕಾಗದದ ಸಾರಾಂಶ. ಓದಿ ಹೇಳಿದೆ. “ಒತ್ತಿದ ಮೇಲೆ ಮುಗೀತಲ್ಲವ್ವಾ” ಎಂದೂ ಸೇರಿಸಿದೆ. ಅವಳು ಕಾಗದವನ್ನು ಮೊದಲಿನಂತೆಯೇ ಮಡಿಸಿ ಗಂಟಿಗೆ ಕಟ್ಟಿಕೊಂಡು ಹೊರಟುಹೋದಳು.

ಬಹುಕಾಲದ ಮೇಲೆ, ಬೇರೆ ಯಾವುದೋ ಕಾರಣಕ್ಕೆ, 1923ರ ಕಾರ್ಮಿಕ ಪರಿಹಾರ ಕಾಯಿದೆಯನ್ನು ಓದುವ ಪ್ರಸಂಗ ಬಂದಿತು. ದುಡಿಯುವಾಗ ಸತ್ತವನ ಪರಿಹಾರವನ್ನು ಮಾಲೀಕನು ಪರಿಹಾರದ ಆಯುಕ್ತರಲ್ಲಿ ಠೇವಣಿ ಇಡಬೇಕು; ಮುಂಗಡವಾಗಿ ಕೊಡಬಹುದಾದ ಅಲ್ಪ ಮೊತ್ತವೊಂದನ್ನು ಬಿಟ್ಟರೆ, ಕೈಯಿಂದ ಕೈಗೆ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬಾರದು ಎಂದು ಅದರಲ್ಲಿತ್ತು. ಕೆಲಸಗಾರನ ಹಕ್ಕನ್ನು ಬಿಟ್ಟುಕೊಟ್ಟಂತೆ ಬರೆಯಿಸಿಕೊಂಡ ಕರಾರು ಅಸಿಂಧುವೆಂದೂ ಇತ್ತು. ಅರ್ಜಿಗೆ ಎರಡು ವರ್ಷದ ಅವಧಿ. ತಕ್ಕ ಕಾರಣವಿದ್ದರೆ ತಡವಾದ ಅರ್ಜಿಯನ್ನೂ ಆಯುಕ್ತರು ಸ್ವೀಕರಿಸಬಹುದಾಗಿತ್ತು. ಓದುತ್ತ ಹೋದಂತೆ ನನ್ನ ಮೈ ತಣ್ಣಗಾಯಿತು. ಆ ಕಾಗದಕ್ಕೆ ಬೆಲೆಯೇ ಇರಲಿಲ್ಲ. ಅದಕ್ಕೆ ಬೆಲೆ ತಂದುಕೊಟ್ಟವನು ನಾನು. ಹುಡುಕಿಕೊಂಡು ಹೋದಾಗ ಅವಳು ಮಕ್ಕಳನ್ನು ಕಟ್ಟಿಕೊಂಡು ಪುಣೆಯ ಕಡೆ ಕೂಲಿಗೆ ಹೋಗಿದ್ದಾಳೆಂದು ತಿಳಿಯಿತು. ಮತ್ತೆ ಅವಳ ಸುದ್ದಿ ನನಗೆ ತಿಳಿಯಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಅವಳಿಗೂ ನನಗೂ ತಿಳಿದಿರಬೇಕಾಗಿದ್ದ ಈ ನಾಲ್ಕು ಮಾತುಗಳು ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಏಕೆ ಇರಲಿಲ್ಲ?

ನಮ್ಮಲ್ಲಿ ಕಾನೂನಿನ ಪುಸ್ತಕಗಳಿಲ್ಲವೆಂದಲ್ಲ. ಶಾಲೆಯ ಪೌರನೀತಿಯ ಪಾಠಗಳಿವೆ. ಅವುಗಳಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯಿದೆ, ಹುಡುಗರು ಅದನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ವಕೀಲರಿಗಾಗಿ ದಪ್ಪ ಗ್ರಂಥಗಳಿವೆ; ಅವುಗಳ ಕನ್ನಡವನ್ನು ಬಿಡಿಸಿಕೊಳ್ಳಲು ಇನ್ನೊಬ್ಬ ವಕೀಲನೇ ಬೇಕು. ಇವೆರಡರ ನಡುವೆ ಕೈಪಿಡಿಗಳು ಆಗಾಗ ಅಚ್ಚಾಗುತ್ತವೆ, ಹಳತಾಗುತ್ತವೆ. ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಿತು. ಕಾರ್ಮಿಕರಿಗೆ ಸಂಬಂಧಿಸಿದ 29 ಕೇಂದ್ರ ಕಾನೂನುಗಳು ನಾಲ್ಕು ಸಂಹಿತೆಗಳೊಳಗೆ ಸೇರಿ, 2025ರ ನವೆಂಬರ್ 21ರಂದು ಆ ಸಂಹಿತೆಗಳು ಜಾರಿಗೆ ಬಂದವು. ಮೇಲೆ ಹೇಳಿದ 1923ರ ಕಾಯಿದೆಯ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಪಾಲಿಗೆ ಬಂದಿದೆ. ಕಪಾಟಿನಲ್ಲಿರುವ ಹಳೆಯ ಕೈಪಿಡಿಯನ್ನು ನಂಬಿ ಅರ್ಜಿ ಬರೆದವನು ಇಂದು ಇಲ್ಲದ ಕಲಮನ್ನು ಉದ್ಧರಿಸಿದಂತಾಗುತ್ತದೆ.

ವಿಚಿತ್ರವೆಂದರೆ, ಈ ಕೊರತೆ ಇರುವುದು ಕಾನೂನಿಗೆ ಪರಕೀಯವಾದ ನೆಲದಲ್ಲಲ್ಲ. ಚಿತ್ತಾಪುರ ತಾಲೂಕಿನಲ್ಲಿ ಭೀಮಾನದಿಯ ದಡದ ಸನ್ನತಿಯನ್ನು ವಾಚಕರು ಬಲ್ಲರು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನಗಳು ಕಂಡವು. ಅದುವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅವುಗಳಲ್ಲಿದ್ದವು. ನ್ಯಾಯ ನೋಡುವ ಅಧಿಕಾರಿಗಳಿಗೆ ಆ ಶಾಸನಗಳಲ್ಲಿ ಬುದ್ಧಿಮಾತಿದೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಕೂಡದು, ಹಿಂಸಿಸಕೂಡದು. ಅಷ್ಟಕ್ಕೇ ಅರಸ ನಿಲ್ಲಿಸಲಿಲ್ಲ. ತಿಷ್ಯ ನಕ್ಷತ್ರದ ದಿನಗಳಂದು ಇದನ್ನು ಓದಿ ಕೇಳಿಸಬೇಕು, ನಡುವೆಯೂ ಕೇಳಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ ಎಂದು ವಿಧಿಸಿದ. ಜನರಿಗೆ ಅಕ್ಷರ ಬಾರದು, ಆದುದರಿಂದ ಬರೆದದ್ದನ್ನು ಓದಿ ಹೇಳುವವರು ಬೇಕು ಎಂಬ ಅರಿವು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆಳುವವನಿಗಿತ್ತು.

ಇನ್ನೊಂದು ಊರು, ಶಹಾಬಾದಕ್ಕೆ ಸಮೀಪದ ಮರತೂರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ಊರೆಂದು ಅದು ಪ್ರಸಿದ್ಧ. ಯಾಜ್ಞವಲ್ಕ್ಯಸ್ಮೃತಿಗೆ ಆತ ಬರೆದ ಮಿತಾಕ್ಷರಾ ವ್ಯಾಖ್ಯಾನ ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದಲ್ಲಿ ಹಿಂದೂ ದಾಯಭಾಗಕ್ಕೆ ಆಧಾರವಾಯಿತು. ಈ ಆಸ್ತಿಹಂಚಿಕೆಯ ಮಾತನ್ನೇ ಎಲ್ಲರೂ ಹೇಳುತ್ತಾರೆ. ಅದೇ ಗ್ರಂಥದಲ್ಲಿ ಕೂಲಿಯ ವಿಚಾರಕ್ಕೂ ಒಂದು ಪ್ರಕರಣವುಂಟೆಂಬುದನ್ನು ಹೇಳುವವರು ವಿರಳ. ಕೂಲಿಯನ್ನು ಗೊತ್ತುಮಾಡದೆ ಕೆಲಸ ಮಾಡಿಸಿಕೊಂಡವನಿಂದ ವ್ಯಾಪಾರ, ಪಶು, ಬೆಳೆಗಳ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಅರಸನು ಕೆಲಸದವನಿಗೆ ಕೊಡಿಸಬೇಕೆಂದು ಅಲ್ಲಿಯ ಸ್ಮೃತಿವಚನ. ಆ ಧರ್ಮಶಾಸ್ತ್ರವೇ ಮನುಷ್ಯರನ್ನು ವರ್ಣಕ್ಕೆ ತಕ್ಕಂತೆ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿತು ಎಂಬುದನ್ನೂ ಮರೆಯಲಾಗದು. 1950ರ ಸಂವಿಧಾನ ತಕ್ಕಡಿಯನ್ನು ಒಂದೇ ಮಾಡಿತು. ಅಸ್ಪೃಶ್ಯತೆಯನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು. ಆದರೆ ಸನ್ನತಿಯ ಕಲ್ಲು ಪೀಠವಾಗಿ ಅಡಿಯಲ್ಲಿ ಉಳಿದಂತೆ, ಮಿತಾಕ್ಷರಾ ಸಂಸ್ಕೃತ ಬಲ್ಲವರಲ್ಲಿ ಉಳಿದಂತೆ, ಸಂವಿಧಾನವೂ ಪರೀಕ್ಷೆಯ ಪುಸ್ತಕದಲ್ಲಿ ಉಳಿದುಬಿಟ್ಟರೆ ಗಣಿಯಲ್ಲಿ ದುಡಿಯುವವನಿಗೆ ಏನು ಬಂದಂತಾಯಿತು?

ಚರಿತ್ರೆಯ ಪಾಠದ ಮಾತೂ ಇದೇ. ದುಡಿಮೆಯ ಎಂಟು ಗಂಟೆಯ ಹೋರಾಟವೆಂದರೆ ನಮ್ಮ ಹುಡುಗರಿಗೆ 1886ರ ಷಿಕಾಗೊ ನಗರ ನೆನಪಾಗುತ್ತದೆ. ಅದು ತಿಳಿದಿರಬೇಕಾದುದೇ. ಆದರೆ 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬಯಿಯ ದಾರಿಯನ್ನು ಕೂಡಿದ್ದು, 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ಹುಟ್ಟಿದಾಗ ಶಹಾಬಾದದ ಕಾರ್ಖಾನೆ ಅದರಲ್ಲಿ ಸೇರಿದ್ದು, 1948ರವರೆಗೆ ಈ ನೆಲ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಬ್ರಿಟಿಷ್ ಇಂಡಿಯಾದ ಕಾನೂನುಗಳು ತಾವಾಗಿ ಇಲ್ಲಿಗೆ ಅನ್ವಯಿಸದಿದ್ದುದು, ಇವೂ ಅದೇ ಪಾಠದ ಪುಟಗಳಲ್ಲವೇ? 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡವರು ಡಾ. ಅಂಬೇಡ್ಕರರು, 1946ರ ತಿದ್ದುಪಡಿ ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54ರಿಂದ 48 ಗಂಟೆಗೆ ಇಳಿಸಿತು. ಅವರ ಜಯಂತಿಯನ್ನು ಸಂಭ್ರಮದಿಂದ ನಡೆಸುವ ಓಣಿಗಳಲ್ಲಿಯೂ ಈ ಅಂಕೆ ಬಲ್ಲವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಕೋಲಾರದ ಗಣಿ, ಬೆಂಗಳೂರಿನ ಗಿರಣಿಗಳ ಕಾರ್ಮಿಕರನ್ನು ಕುರಿತು ಜಾನಕಿ ನಾಯರ್ ಅವರ ಇಂಗ್ಲಿಷ್ ಗ್ರಂಥ 1998ರಲ್ಲಿ ಬಂದಿತು. ಅದರ ವಸ್ತು ಮೈಸೂರು ಸಂಸ್ಥಾನ. ಫರಸಿಕಲ್ಲಿನವರ ಚರಿತ್ರೆಯನ್ನೂ ಅಷ್ಟೇ ಶ್ರದ್ಧೆಯಿಂದ, ಕನ್ನಡದಲ್ಲಿ, ಕಲಿಯುವವರಿಗಾಗಿ ಬರೆಯಬೇಕಾಗಿದೆ.

ಜನರಿಗೆ ಕಾನೂನಿನಲ್ಲಿ ಆಸಕ್ತಿಯಿಲ್ಲವೆಂದು ಕೆಲವರು ಹೇಳುವುದುಂಟು. ನಾನು ಒಪ್ಪಲಾರೆ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ಎಂಬ ಅಂಕೆ ನಮ್ಮ ಕಡೆಯ ಹಳ್ಳಿಯ ಹುಡುಗನಿಗೂ ಗೊತ್ತು. ಅದರಿಂದ ನೌಕರಿಯಲ್ಲಿ, ಕಾಲೇಜಿನಲ್ಲಿ ಮೀಸಲು ಸಿಕ್ಕುತ್ತದೆ. ಅದಕ್ಕೊಂದು ಪ್ರಮಾಣಪತ್ರ, ಒಂದು ಕಚೇರಿ, ಒಂದು ಅರ್ಜಿ ಇದೆ. ಬಳಕೆಗೆ ಬರುವ ಕಾನೂನನ್ನು ಜನ ಬೇಗ ಕಲಿಯುತ್ತಾರೆ.

ಆದುದರಿಂದ ನನಗೆ ಬೇಕೆನಿಸುವ ಪುಸ್ತಕ ಹಕ್ಕುಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ, ಕಾಗದಗಳಿಂದ ಆರಂಭವಾಗುತ್ತದೆ. ಮೊದಲ ಪಾಠ ಹಾಜರಿ ಪಟ್ಟಿ: ಅದರಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ? ಎರಡನೆಯದು ಪಗಾರದ ಚೀಟಿ. ಮೂರನೆಯದು ಹೆಬ್ಬೆಟ್ಟು ಬೇಡುವ ಕಾಗದ: ಒತ್ತುವ ಮೊದಲು ಯಾರಿಂದ ಓದಿಸಬೇಕು, ಒತ್ತಿದ ಮೇಲೂ ಯಾವ ಬಾಗಿಲು ತೆರೆದಿರುತ್ತದೆ? ನಾಲ್ಕನೆಯದು 1987ರ ಕಾನೂನು ಸೇವೆಗಳ ಕಾಯಿದೆ: ಅದರ ಪ್ರಕಾರ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕೆಯ ಕೆಲಸಗಾರರಿಗೂ ಪುಕ್ಕಟೆಯಾಗಿ ವಕೀಲರ ನೆರವು ಸಿಕ್ಕಬೇಕು, ತಾಲೂಕು ಮಟ್ಟದಲ್ಲಿ ಅದಕ್ಕೆ ಸಮಿತಿಯೂ ಉಂಟು. ಪ್ರತಿಯೊಂದು ಪಾಠದ ಕೊನೆಗೆ ಆ ಕಾನೂನು ಹೇಗೆ ಬಂದಿತು, ಯಾರ ದುಡಿಮೆಯಿಂದ, ಯಾರ ಹೋರಾಟದಿಂದ ಬಂದಿತು ಎಂಬ ಒಂದು ಪುಟದ ಕಥೆ ಇರಲಿ. ಕಾನೂನು ಬದಲಾದಂತೆ ಪುಟ ಬದಲಿಸಲು ಬರುವಂತೆ ಹೊಲಿಗೆಯಿಲ್ಲದ ಬಿಡಿ ಹಾಳೆಗಳಾಗಿರಲಿ. ಅಕ್ಷರ ದೊಡ್ಡದಿರಲಿ. ಗಟ್ಟಿಯಾಗಿ ಓದಿದರೆ ಕಿವಿಗೆ ಹತ್ತುವ ಕನ್ನಡವಿರಲಿ.

ಇದು ಒಬ್ಬನಿಂದ ಆಗುವ ಕೆಲಸವಲ್ಲ. ವಕೀಲರು, ಕಾರ್ಮಿಕ ಸಂಘದವರು, ಶಿಕ್ಷಕರು ಕೂಡಿ ಕುಳಿತರೆ ಒಂದು ವರ್ಷದಲ್ಲಿ ಆದೀತು. ಅಷ್ಟರವರೆಗೆ ನಾನು ಸಂಜೆಯ ಪಾಠದಲ್ಲಿ ಒಂದು ಸಣ್ಣ ರೂಢಿ ಇಟ್ಟುಕೊಂಡಿದ್ದೇನೆ. ಮನೆಯಲ್ಲಿರುವ ಯಾವ ಕಾಗದವನ್ನಾದರೂ ತರಬಹುದು. ಅಂದಿನ ಪಾಠ ಅದೇ. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಬಲ್ಲವರನ್ನು ಕೇಳಿಬಂದು ಮರುದಿನ ಹೇಳುತ್ತೇನೆ. “ಮುಗೀತಲ್ಲವ್ವಾ” ಎಂಬ ಮಾತನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.