ಶ್ವಾನಗಳ ಎಲುಬಿನ ಏಡಿಗಂತಿಯೂ ಸಸ್ಯಜನ್ಯ ಔಷಧಗಳೂ

ಕುಂಟುವ ನಾಯಿಯ ಕಾಲಿಗೆ ಅರಿಸಿನದ ಪಟ್ಟು ಹಾಕುವುದು ನಮ್ಮ ಗ್ರಾಮಗಳ ರೂಢಿ. ದೇವದುರ್ಗ ತಾಲ್ಲೂಕಿನ ಕೃಷ್ಣಾತೀರದ ಗೂಗಲ್ಲಿನಂತಹ ಊರಿನಲ್ಲಿ ಕುರಿಹಿಂಡಿನ ಕಾವಲುನಾಯಿ ಕುಂಟಿದರೆ ಅದನ್ನು ಉಳುಕೆಂದು ಭಾವಿಸುವುದು ಸಹಜ; ಬಹುಮಟ್ಟಿಗೆ ಅದು ಉಳುಕೇ ಆಗಿರುತ್ತದೆ. ಆದರೆ ದೊಡ್ಡ ಮೈಕಟ್ಟಿನ, ನಡುವಯಸ್ಸು ಮೀರಿದ ನಾಯಿಯಲ್ಲಿ ಕುಂಟು ವಾರಗಟ್ಟಲೆ ಮಾಯದೆ, ಮುಂಗಾಲಿನ ಮಣಿಕಟ್ಟಿನ ಮೇಲ್ಗಡೆ, ಭುಜದಲ್ಲಿ ಅಥವಾ ಹಿಂಗಾಲಿನ ಮಂಡಿಯ ಬಳಿ ಗಟ್ಟಿ ಬಾವು ತೋರಿದರೆ ಆಸ್ಟಿಯೊಸಾರ್ಕೋಮವೆಂಬ ಏಡಿಗಂತಿಯನ್ನು ಶಂಕಿಸಬೇಕು.

ನಾಯಿಗಳ ಎಲುಬಿನಲ್ಲಿಯೇ ಹುಟ್ಟುವ ಗಂತಿಗಳಲ್ಲಿ ಇದೇ ಅತ್ಯಂತ ಸಾಮಾನ್ಯವಾದುದು. ಗ್ರೇಹೌಂಡ್ ಮೊದಲಾದ ಬೇಟೆನಾಯಿಗಳಲ್ಲಿ ಇದು ಹೆಚ್ಚು. ಅದೇ ಬಗೆಯ ಮೈಕಟ್ಟಿನ ನಮ್ಮ ಮುಧೋಳ ತಳಿಯ ಮೇಲೂ ಕಣ್ಣಿಟ್ಟಿರುವುದು ಲೇಸು. ರೋಗವು ಗೊತ್ತಾಗುವ ವೇಳೆಗೆ ಸುಮಾರು ನೂರಕ್ಕೆ 90 ನಾಯಿಗಳಲ್ಲಿ ಕಣ್ಣಿಗೆ ಕಾಣದ ಗಂತಿಕಣಗಳು ಶ್ವಾಸಕೋಶವನ್ನು ಸೇರಿಯಾಗಿರುತ್ತವೆ.

ಸಸ್ಯಗಳಿಂದ ಏಡಿಗಂತಿಗೆ ಮದ್ದು ದೊರೆಯುವುದೆಂಬುದು ಬರಿಯ ನಂಬಿಕೆಯಲ್ಲ. ಮನೆಯಂಗಳದ ನಿತ್ಯಪುಷ್ಪದಿಂದ ಪಡೆದ ವಿಂಕ್ರಿಸ್ಟಿನ್, ಬೀದಿನಾಯಿಗಳಲ್ಲಿ ಸಂಗಮದಿಂದ ಹರಡುವ ಜನನಾಂಗದ ಗಂತಿಯನ್ನು ವಾರಕ್ಕೊಂದರಂತೆ ಕೆಲವೇ ಸೂಜಿಗಳಲ್ಲಿ ಕರಗಿಸಿಬಿಡುತ್ತದೆ. ಆದರೆ ಟನ್ನುಗಟ್ಟಲೆ ಒಣ ಎಲೆಯಿಂದ ದೊರೆಯುವುದು ಕೆಲವೇ ಗ್ರಾಂ. ಅದನ್ನು ಶುದ್ಧಗೊಳಿಸಿ, ತೂಗಿ, ರಕ್ತನಾಳಕ್ಕೆ ಕೊಡಬೇಕು. ಎಲೆಯನ್ನು ಅರೆದು ನಾಯಿಗೆ ಕುಡಿಸಿದರೆ ವಿಷವಾದೀತೇ ಹೊರತು ಮದ್ದಾಗದು. ಮೇಲಾಗಿ, ಎಲುಬಿನ ಗಂತಿಯು ಈ ಔಷಧಕ್ಕೆ ಹಾಗೆ ಮಣಿಯುವುದಿಲ್ಲ.

ಅರಿಸಿನದ ಕರ್ಕ್ಯುಮಿನ್ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಗಂತಿಯ ಜೀವಕೋಶಗಳನ್ನು ಕುಗ್ಗಿಸುತ್ತದೆ. ತಟ್ಟೆಯಲ್ಲಿ ಔಷಧವು ಜೀವಕೋಶಕ್ಕೆ ನೇರವಾಗಿ ತಗಲುತ್ತದೆ. ಬಾಯಿಯ ಮೂಲಕ ಕೊಟ್ಟಾಗಲಾದರೋ ಅದು ಕರುಳಿನಲ್ಲಿ ಅಷ್ಟಾಗಿ ಹೀರಲ್ಪಡುವುದಿಲ್ಲ, ಹೀರಿದುದನ್ನು ಕರುಳು ಮತ್ತು ಯಕೃತ್ತುಗಳು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಹಿರೇಮದ್ದಿನ, ಅಂದರೆ ಅಶ್ವಗಂಧದ, ವಿಥಾಫೆರಿನ್‌ನ ಕಥೆಯೂ ಇಂತಹುದೇ. ಮುಂಬಯಿಯಲ್ಲಿ ಇದೇ ಬಗೆಯ ಎಲುಬಿನ ಗಂತಿಯು ಬಲಿತಿದ್ದ 13 ಮಂದಿ ರೋಗಿಗಳಿಗೆ ಇದನ್ನು ಬಾಯಿಯ ಮೂಲಕ ಕೊಟ್ಟು ನಡೆಸಿದ ಪರೀಕ್ಷೆಯ ವರದಿ 2020ರಲ್ಲಿ ಪ್ರಕಟವಾಯಿತು. ರೋಗಿಗಳು ಅದನ್ನು ತಾಳಿಕೊಂಡರು; ಆದರೆ ದಿನಕ್ಕೆ 216 ಮಿಲಿಗ್ರಾಂವರೆಗೆ ಕೊಟ್ಟರೂ ರಕ್ತದಲ್ಲಿ ಅದು ಅಳತೆಗೆ ಸಿಗುವಷ್ಟೂ ಕಾಣಲಿಲ್ಲ! ನಾಯಿಯ ರೋಗವು ಮನುಷ್ಯನ ರೋಗವನ್ನು ಬಹುವಾಗಿ ಹೋಲುವುದರಿಂದ ಈ ಫಲಿತಾಂಶ ಪಶುವೈದ್ಯರಿಗೂ ಪಾಠವೇ. ತಟ್ಟೆಯಲ್ಲಿ ಗಂತಿಯನ್ನು ಕೊಲ್ಲುವ ಇನ್ನೊಂದು ಸೊಪ್ಪನ್ನು ಹುಡುಕುವುದಕ್ಕಿಂತ, ಗೊತ್ತಿರುವ ಸತ್ತ್ವವನ್ನು ಎಲುಬಿನವರೆಗೆ ಮುಟ್ಟಿಸುವ ಬಗೆಯನ್ನು ಹುಡುಕುವುದು ಹೆಚ್ಚು ಉಪಯುಕ್ತವೆಂದು ನಮ್ಮ ಎಣಿಕೆ. ಸತ್ತ್ವವನ್ನು ಸೂಕ್ಷ್ಮ ಮೇದಸ್ಸಿನ ಕಣಗಳಲ್ಲಿ ಅಡಕಮಾಡಿ ರಕ್ತಕ್ಕೆ ಸೇರಿಸುವ ಪ್ರಯತ್ನಗಳು ಈ ದಾರಿಯವು.

ಈಗ ರೂಢಿಯಲ್ಲಿರುವ ಚಿಕಿತ್ಸೆಯೆಂದರೆ ಕಾಲನ್ನು ತೆಗೆದು, ಬಳಿಕ ಪ್ಲಾಟಿನಂ ಲೋಹದಿಂದಾದ ಕಾರ್ಬೊಪ್ಲಾಟಿನ್ ಕೊಡುವುದು. ಕಾಲನ್ನು ತೆಗೆದರಷ್ಟೇ ನಾಯಿ ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬದುಕುತ್ತದೆ. ಔಷಧವೂ ಸೇರಿದರೆ ಹತ್ತು ಹನ್ನೆರಡು ತಿಂಗಳು. ಮೂರು ಕಾಲಿನ ಮೇಲೆ ನಾಯಿ ಚೆನ್ನಾಗಿಯೇ ಓಡಾಡುವುದೆಂಬುದನ್ನು ಒಡೆಯರು ಮೊದಲು ನಂಬುವುದಿಲ್ಲ. ಶಸ್ತ್ರಚಿಕಿತ್ಸೆ ಸಾಧ್ಯವಾಗದೆಡೆ ನೋವಿನ ಶಮನವಾದರೂ ಆಗಬೇಕು, ಏಕೆಂದರೆ ಈ ನೋವು ಬಹಳ ಕ್ರೂರವಾದುದು. ಅರಿಸಿನದ ಪಟ್ಟಿನಿಂದ ಚರ್ಮಕ್ಕೆ ಕೇಡಿಲ್ಲ. ಎರಡು ವಾರದಲ್ಲಿ ಕುಂಟು ಮಾಯದಿದ್ದರೆ ಮಾತ್ರ ಪಟ್ಟನ್ನು ಬಿಚ್ಚಿ, ನಾಯಿಯನ್ನು ಕ್ಷಕಿರಣ ಚಿತ್ರಕ್ಕೆ ಒಯ್ಯಬೇಕು.